ನಿಂತ ನೀರಿನ ಲೆಕ್ಕ

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದನ್ನು ಕಂಡುಹಿಡಿದವನು ಸರ್ ರೊನಾಲ್ಡ್ ರಾಸ್ ಎಂಬ ವಾಕ್ಯ ಶಾಲೆಯ ದಿನಗಳಿಂದಲೂ ನಮಗೆಲ್ಲ ಬಾಯಿಪಾಠವಾಗಿದೆ. ವಾಕ್ಯವೇನೋ ನಿಜವೇ. ಆದರೆ ಅದರಲ್ಲಿ ಆ ಮನುಷ್ಯನ ಬಾಳಿನ ಅರ್ಧ ಪಾಲು ಮಾತ್ರ ಅಡಗಿದೆ. ಉಳಿದರ್ಧವು ಬೆಂಗಳೂರಿನ ಬಾವಿಗಳ ಬಳಿ, ಚರಂಡಿಗಳ ಪಕ್ಕದಲ್ಲಿ, ಮಾರಿಷಸ್ಸಿನ ಕಬ್ಬಿನ ತೋಟದ ಕೂಲಿಗಳ ಕೇರಿಗಳಲ್ಲಿ, ಕೊನೆಗೆ ಗಣಿತದ ಹಾಳೆಗಳ ಮೇಲೆ ನಡೆಯಿತು. ಒಬ್ಬ ರೋಗಿಗೆ ಜ್ವರ ಏಕೆ ಬಂತು ಎಂಬ ಪ್ರಶ್ನೆಯಿಂದ ಹೊರಟ ಆತನು, ಒಂದು ಊರಿಗೆ ಜ್ವರ ಏಕೆ ಬರುತ್ತದೆ, ಪಕ್ಕದ ಊರಿಗೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆಯನ್ನು ಮುಟ್ಟಿದನು. ಈ ಎರಡನೆಯ ಪ್ರಶ್ನೆಯ ಕಥೆಯನ್ನು ಇಲ್ಲಿ ಹೇಳಬೇಕೆಂದು ನನ್ನ ಆಶೆ.

ಹಾಗೆ ಆಶೆಪಡಲು ನನಗೆ ಕಾರಣವೂ ಉಂಟು. ನನ್ನದು ಯಳಂದೂರು ಸೀಮೆಯ ಹೊನ್ನೂರು. ಮೂಡಣಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಬಯಲಿನಲ್ಲಿ ಸುವರ್ಣಾವತಿ. ನಮ್ಮ ಜನ ಹೊನ್ನುಹೊಳೆ ಎಂದು ಕರೆಯುವ ಈ ನದಿ ಕಾಲುವೆಗಳ ಮೂಲಕ ಗದ್ದೆಗಳನ್ನು ನೆನೆಸಿ, ಕೊಳ್ಳೇಗಾಲದ ಕಡೆಗೆ ಹರಿದು ಕಾವೇರಿಯನ್ನು ಸೇರುತ್ತದೆ. ಭತ್ತವನ್ನು ಕೊಟ್ಟ ನೀರೇ ಜ್ವರವನ್ನೂ ಕೊಟ್ಟಿತು. ಚಳಿಜ್ವರದ ದಿನಗಳನ್ನು ನಮ್ಮ ಮನೆಯ ಹಿರಿಯರು ಬರಗಾಲದ ದಿನಗಳಂತೆ ನೆನೆಯುತ್ತಿದ್ದರು. ಒಂದು ದಿನ ಬಿಟ್ಟು ಒಂದು ದಿನ ಬರುವ ನಡುಕ, ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ನಿಲ್ಲದ ಹಲ್ಲುಕಡಿತ, ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಕ್ಕುವ ಜ್ವರಗಡ್ಡೆ, ಇವೆಲ್ಲ ಅವರ ಮಾತಿನಲ್ಲಿ ಬರುತ್ತಿದ್ದುವು. ಕಾಡಿನ ಕೆಟ್ಟ ಗಾಳಿ ಸೋಕಿತೆಂಬುದು ಅವರು ಹೇಳುತ್ತಿದ್ದ ಕಾರಣ. ಇದನ್ನು ಹಳ್ಳಿಗರ ಮೌಢ್ಯವೆಂದು ನಗುವವರು ಒಂದು ಸಂಗತಿಯನ್ನು ನೆನೆಯಬೇಕು: ಮಲೇರಿಯಾ ಎಂಬ ಇಟಲಿಯ ಮಾತಿನ ಅರ್ಥವೂ ಕೆಟ್ಟ ಗಾಳಿ ಎಂದೇ. ಯುರೋಪಿನ ಪಂಡಿತರೂ ಹೊನ್ನೂರಿನ ಅಜ್ಜಂದಿರೂ ಬಹುಕಾಲ ಒಂದೇ ಮತದವರಾಗಿದ್ದರು.

ಯಳಂದೂರು ಮೈಸೂರು ಸಂಸ್ಥಾನದೊಳಗಿನ ಜಹಗೀರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದೊರೆತದ್ದು. ಕೂಗಳತೆಯ ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಒಂದೇ ಬೆಟ್ಟದ ನೀರು, ಒಂದೇ ಜ್ವರ, ಎರಡು ಸರಕಾರಗಳು. ರಾಸನು ಬೆಂಗಳೂರಿನಲ್ಲಿ ಎದುರಿಸಿದ ತೊಡಕೂ ಇಂಥದೇ ಆಗಿದ್ದುದರಿಂದ ಈ ಸಂಗತಿಯನ್ನು ಇಲ್ಲಿಯೇ ಹೇಳಿಬಿಟ್ಟಿದ್ದೇನೆ.

ರಾಸನು ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ತಂದೆ ಭಾರತದ ಸೈನ್ಯದಲ್ಲಿ ಅಧಿಕಾರಿ. ಮುಂದೆ ಜನರಲ್ ಪದವಿಗೇರಿದವನು. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು, ಕವಿತೆಯ ಹುಚ್ಚು, ಸಂಗೀತದ ಹುಚ್ಚು. ತಂದೆಗೆ ಮಗ ವೈದ್ಯನಾಗಬೇಕು. ತಂದೆಯ ಹಟವೇ ಗೆದ್ದು 1874ರಲ್ಲಿ ಆತನು ಲಂಡನ್ನಿನ ಸೇಂಟ್ ಬಾರ್ತೊಲೊಮ್ಯು ಆಸ್ಪತ್ರೆಯ ಶಾಲೆಗೆ ಸೇರಿದನು. ಓದಿನಲ್ಲಿ ಮನಸ್ಸಿಲ್ಲ, ಪರೀಕ್ಷೆಯಲ್ಲಿ ಸೋಲು, ಕೆಲಕಾಲ ಹಡಗಿನ ವೈದ್ಯನ ಕೆಲಸ. 1881ರಲ್ಲಿ ಹೇಗೋ ಭಾರತದ ವೈದ್ಯಕೀಯ ಸೇವೆಗೆ ಆಯ್ಕೆಯಾಗಿ ಮದರಾಸಿನ ಪ್ರಾಂತಕ್ಕೆ ಬಂದನು. ಸೇವೆಯ ಮೊದಲ ವರ್ಷಗಳಲ್ಲಿ ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಆತನಿಗೆ ಬೇಕಾದಷ್ಟು ಬಿಡುವು. ಆ ಬಿಡುವಿನಲ್ಲಿ ಕಾದಂಬರಿ ಬರೆದನು, ಪದ್ಯ ಕಟ್ಟಿದನು. ಯಾವ ಗುರುವಿನ ನೆರವೂ ಇಲ್ಲದೆ ಗಣಿತವನ್ನು ಕಲಿತನು. ಈ ಕೊನೆಯ ಹವ್ಯಾಸ ಇಪ್ಪತ್ತೈದು ವರ್ಷಗಳ ಮೇಲೆ ಫಲ ಕೊಡಲಿತ್ತು.

1883ರಲ್ಲಿ ಆತನು ಬೆಂಗಳೂರಿನ ದಂಡಿನಲ್ಲಿ ಸೈನ್ಯದ ಹಂಗಾಮಿ ವೈದ್ಯ. ವಾಸಕ್ಕೆ ಬಂಗಲೆ ದೊರೆಯಿತು; ಊರು ಹಿಡಿಸಿತು; ಸೊಳ್ಳೆ ಮಾತ್ರ ಹಿಡಿಸಲಿಲ್ಲ. ತನ್ನ ಕೋಣೆಯಲ್ಲಿಯೇ ಸೊಳ್ಳೆ ಹೆಚ್ಚೇಕೆ ಎಂದು ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳುಗಳು ಮಿಲಮಿಲನೆ ಆಡುತ್ತಿದ್ದುದು ಕಂಡಿತು. ತೊಟ್ಟಿಯನ್ನು ಮಗುಚಿಸಿದನು, ಕೋಣೆಯ ಸೊಳ್ಳೆ ಇಳಿಯಿತು. ಉತ್ಸಾಹದಿಂದ ಸೈನ್ಯದ ಮೇಲಧಿಕಾರಿಯ ಬಳಿಗೆ ಹೋಗಿ, ಮೆಸ್ಸಿನ ಸುತ್ತಲಿನ ತೊಟ್ಟಿ, ಹೂದಾನಿಗಳಲ್ಲಿನ ನೀರನ್ನೆಲ್ಲ ಚೆಲ್ಲಿಸಬೇಕೆಂದು ಸೂಚಿಸಿದನು. ದೇವರು ಸೊಳ್ಳೆಯನ್ನು ಯಾವುದೋ ಉದ್ದೇಶದಿಂದಲೇ ಸೃಷ್ಟಿಸಿರಬೇಕಾದ್ದರಿಂದ ಅದನ್ನು ಸಹಿಸಿಕೊಂಡಿರುವುದೇ ನಮ್ಮ ಧರ್ಮವೆಂದು ಆ ಅಧಿಕಾರಿ ಉತ್ತರ ಕೊಟ್ಟನಂತೆ. ಸೊಳ್ಳೆಗೂ ರೋಗಕ್ಕೂ ಇರುವ ನಂಟು ರಾಸನಿಗೆ ಆಗ ತಿಳಿಯದು. ಆದರೆ ಉಪದ್ರವದ ಮೂಲ ಮನೆಯ ಹೊರಗಿನ ನಿಂತ ನೀರಿನಲ್ಲಿದೆಯೆಂಬುದನ್ನೂ, ಅದನ್ನು ಚೆಲ್ಲಿಸುವ ಅಧಿಕಾರ ವೈದ್ಯನ ಕೈಯಲ್ಲಿಲ್ಲವೆಂಬುದನ್ನೂ ಆತನು ಒಂದೇ ದಿನ ಕಲಿತನು. ಆತನ ಮುಂದಿನ ಬಾಳೆಲ್ಲ ಈ ಎರಡು ಪಾಠಗಳ ವಿಸ್ತಾರವೆಂದೇ ನನಗೆ ತೋರುತ್ತದೆ.

ನಡುವಿನ ವರ್ಷಗಳನ್ನು ಬೇಗ ದಾಟೋಣ. 1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿ ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದನು. ಆ ವಿದ್ಯೆಗೆ ಆಗಿನ್ನೂ ಹೊಸ ಹರೆಯ. ಮರುವರ್ಷ ಮದುವೆ; ಮತ್ತೆ ಬರ್ಮಾ, ಮತ್ತೆ ಬೆಂಗಳೂರು. ಫ್ರಾನ್ಸಿನ ಲಾವೆರಾನ್ ಎಂಬ ಸೈನಿಕ ವೈದ್ಯನು 1880ರಲ್ಲಿ ಆಲ್ಜೀರಿಯದಲ್ಲಿ ರೋಗಿಗಳ ರಕ್ತದಲ್ಲಿ ಮಲೇರಿಯಾದ ಜೀವಾಣುವನ್ನು ಕಂಡಿದ್ದನು. ರಾಸನು ಅದನ್ನು ನಂಬದೆ ಲೇಖನಗಳನ್ನೂ ಬರೆದನು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಆ ಜೀವಾಣುವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ಸಂಶಯ ತೊಲಗಿತು. ಆನೆಕಾಲಿನ ಹುಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ಮ್ಯಾನ್ಸನ್ 1877ರಲ್ಲಿಯೇ ಕಂಡಿದ್ದನು. ಮಲೇರಿಯಾದ ಜೀವಾಣುವಿಗೂ ಸೊಳ್ಳೆಯೇ ಎರಡನೆಯ ಮನೆಯಾಗಿರಬೇಕೆಂದು ಅವನ ಊಹೆ. ಊಹೆಯನ್ನು ಪರೀಕ್ಷಿಸುವ ಹೊಣೆ ಹೊತ್ತು ರಾಸನು 1895ರಲ್ಲಿ ಸಿಕಂದರಾಬಾದಿಗೆ ಬಂದನು. ಕೆಲಸ ಕೈಗೂಡುವಂತಿದ್ದಾಗಲೇ, ಆ ವರ್ಷದ ಸೆಪ್ಟೆಂಬರಿನಲ್ಲಿ, ಬೆಂಗಳೂರಿಗೆ ಹೋಗಬೇಕೆಂದು ಆಜ್ಞೆ ಬಂದಿತು. ಅಲ್ಲಿ ಕಾಲರಾ ಎದ್ದಿತ್ತು.

ರಾಸನ ಚರಿತ್ರೆ ಬರೆದವರಲ್ಲಿ ಅನೇಕರು ಬೆಂಗಳೂರಿನ ಈ ಅವಧಿಯನ್ನು ಸಂಶೋಧನೆಗೆ ಬಂದ ವಿಘ್ನವೆಂದು ಎಣಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆಗಿನ ಬೆಂಗಳೂರು ಹೆಸರಿಗೆ ಒಂದು, ಆಡಳಿತಕ್ಕೆ ಎರಡು. ಹಳೆಯ ಪೇಟೆ ಮಹಾರಾಜರ ಸರಕಾರದ್ದು. ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟನ ಕೈಕೆಳಗಿನದು. ದಂಡಿನಲ್ಲಿ ಮರಗಳ ಸಾಲಿನ ಅಗಲ ರಸ್ತೆಗಳೂ ಬಂಗಲೆಗಳೂ ಇದ್ದಂತೆಯೇ, ಅಲ್ಲಿ ದುಡಿಯುವ ಬಡವರ ಇಕ್ಕಟ್ಟಾದ ಬೀದಿಗಳೂ ಇದ್ದುವು. ನೀರಿಗೆ ಕೆರೆ, ಇಲ್ಲವೆ ಬಾವಿ. ಹೆಸರಘಟ್ಟದಿಂದ ಕೊಳವೆಗಳಲ್ಲಿ ನೀರು ತರುವ ಯೋಜನೆಯನ್ನು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡಿದ್ದರೂ ನೀರು ಊರಿಗೆ ಬಂದದ್ದು 1896ರಲ್ಲಿ. ಅಷ್ಟರವರೆಗೆ ಬಡವನ ನೀರಿಗೆ ಕಾವಲು ಯಾರು? ಮಳೆ ಬಂದರೆ ಬೀದಿಯ ಕೊಳೆಯೆಲ್ಲ ಬಾವಿಗೆ, ಬಾವಿಯ ನೀರು ಕೊಡಕ್ಕೆ, ಕೊಡದಿಂದ ಹೊಟ್ಟೆಗೆ.

ರಾಸನು ಈಗ ಆಸ್ಪತ್ರೆಯನ್ನು ಬಿಟ್ಟು ಬೀದಿಗೆ ಇಳಿದನು. ಬಾವಿ, ಚರಂಡಿ, ಕಸದ ರಾಶಿ ಇವೇ ಆತನ ರೋಗಿಗಳಾದುವು. 1896ರಲ್ಲಿ ದಂಡು ಪ್ರದೇಶದ ಕಾಲರಾ, ನೈರ್ಮಲ್ಯ, ನೈರ್ಮಲ್ಯ ಇಲಾಖೆ ಮತ್ತು ಅದರ ನಿಬಂಧನೆಗಳನ್ನು ಕುರಿತು ಒಂದು ವರದಿಯನ್ನು ಒಪ್ಪಿಸಿದನು. ಆ ವಿಷಯಗಳ ಜೋಡಣೆಯಲ್ಲಿಯೇ ಆತನ ತಿಳಿವಳಿಕೆ ಎಷ್ಟು ಬೆಳೆದಿತ್ತೆಂಬುದು ಕಾಣುತ್ತದೆ: ರೋಗದಿಂದ ಮೊದಲಾಗಿ ಇಲಾಖೆಯಲ್ಲಿ ಮುಗಿಯುವ ವರದಿ ಅದು. ಜಾಡಮಾಲಿಗಳ ಸಂಖ್ಯೆ ಎಷ್ಟು, ಅವರ ಮೇಲ್ವಿಚಾರಣೆ ಯಾರದು, ಹಣ ಎಲ್ಲಿಂದ, ನಿಯಮ ಮುರಿದರೆ ದಂಡ ಯಾರಿಗೆ ಎಂಬ ಪ್ರಶ್ನೆಗಳು ಜೀವಾಣುವಿನ ಪ್ರಶ್ನೆಯಷ್ಟೇ ವೈದ್ಯಕೀಯದ ಪ್ರಶ್ನೆಗಳೆಂದು ಆತನು ಇಲ್ಲಿ ಕಂಡುಕೊಂಡನು. ಸೂಕ್ಷ್ಮದರ್ಶಕದ ಕೆಳಗೆ ಕಾಲರಾ ಎಲ್ಲರಿಗೂ ಸಮವಾದ ರೋಗ. ಬೀದಿಗೆ ಬಂದರೆ ಅದು ಕೆಟ್ಟ ಬಾವಿಯವರ ರೋಗ.

ಮಲೇರಿಯಾದ ಕೆಲಸವನ್ನೂ ಆತನು ಪೂರ್ತಿಯಾಗಿ ಬಿಡಲಿಲ್ಲ. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರಾಗಿದ್ದ ಅಪ್ಪಯ್ಯ ಎಂಬವರು (ಇಂಗ್ಲಿಷ್ ಬರವಣಿಗೆಯಲ್ಲಿ ಆಪಿಯಾ) ರೋಗಿಗಳನ್ನು ಕಚ್ಚಿದ ಸೊಳ್ಳೆಗಳಿಂದ ತಾವಾಗಿ ಮುಂದೆ ಬಂದು ಕಚ್ಚಿಸಿಕೊಂಡರು. ಅವರಿಗೆ ಜ್ವರ ಬರಲಿಲ್ಲ; ಆ ಸೊಳ್ಳೆಯ ಜಾತಿಯೇ ಬೇರೆ. ಪ್ರಾಣಕ್ಕೆ ಅಪಾಯವಿರಬಹುದಾದ ಕೆಲಸಕ್ಕೆ ಮೈಯೊಡ್ಡಿದ ಈ ವೈದ್ಯರ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿಯೂ ಇದ್ದರೆ ಚೆನ್ನಾಗಿರುತ್ತಿತ್ತು.

1897ರಲ್ಲಿ ಬೆಂಗಳೂರಿನ ಕೆಲಸ ಮುಗಿಸಿ ರಾಸನು ಉದಕಮಂಡಲಕ್ಕೆ ಹೋದನು. ಅಲ್ಲಿಂದ ಜ್ವರಕ್ಕೆ ಹೆಸರಾದ ಸೀಗೂರು ಘಾಟಿಗೆ ಇಳಿದನು. ನೀಲಗಿರಿಯಿಂದ ಮೈಸೂರಿನ ಕಡೆಗೆ ಇಳಿಯುವ ಈ ಕಣಿವೆ ನಮ್ಮ ಸೀಮೆಗೆ ದೂರದ್ದಲ್ಲ. ಪರದೆಯೊಳಗೆ ಎಚ್ಚರದಿಂದ ಮಲಗಿದ್ದರೂ ಆತನಿಗೆ ಅಲ್ಲಿ ಮಲೇರಿಯಾ ಹಿಡಿಯಿತು. ನಮ್ಮ ಬೆಟ್ಟದ ಸೋಲಿಗರೂ ತಪ್ಪಲಿನ ರೈತರೂ ಅನುಭವಿಸಿದ ನಡುಕವನ್ನು ಆತನೂ ಅನುಭವಿಸಿದನು. ಆದರೆ ಆತನ ಬಳಿ ಕ್ವಿನೈನ್ ಇತ್ತು. ಏರಿ ಹೋಗಲು ಮೇಲೆ ತಂಪಾದ ಊರಿತ್ತು. ಅದೇ ಕಣಿವೆಯಲ್ಲಿ, ಗೋಡೆಗೆ ಓರೆಯಾಗಿ ಬಾಲ ಎತ್ತಿ ಕುಳಿತ, ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಒಂದು ಹೊಸ ಬಗೆಯ ಸೊಳ್ಳೆ ಕಣ್ಣಿಗೆ ಬಿದ್ದಿತು. ಹುಡುಕುತ್ತಿದ್ದ ಸೊಳ್ಳೆ ಅದೇ ಎಂದು ಆಗ ತಿಳಿಯಲಿಲ್ಲ.

ತಿಳಿದದ್ದು ಸಿಕಂದರಾಬಾದಿಗೆ ಹಿಂದಿರುಗಿದ ಮೇಲೆ. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಹತ್ತು ಸೊಳ್ಳೆಗಳಿಗೆ ತನ್ನ ರಕ್ತವನ್ನು ಕುಡಿಸಿದನು. ಅವುಗಳಲ್ಲೊಂದನ್ನು 1897ರ ಆಗಸ್ಟ್ 20ರಂದು ಸೀಳಿ ನೋಡಿದಾಗ, ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಕಪ್ಪು ಕಣಗಳನ್ನು ಹೊತ್ತ ಗುಂಡುಕೋಶಗಳು ಕಂಡುವು. ಜಗತ್ತು ಈಗಲೂ ಆ ದಿನವನ್ನು ಸೊಳ್ಳೆ ದಿನವೆಂದು ಆಚರಿಸುತ್ತದೆ. ಮರುವರ್ಷ ಕಲ್ಕತ್ತೆಯಲ್ಲಿ, ಮಹಮ್ಮದ್ ಬಕ್ಷ್ ಎಂಬ ಸಹಾಯಕನೊಡನೆ, ಹಕ್ಕಿಗಳ ಮಲೇರಿಯಾವನ್ನು ಹಿಡಿದು ಜೀವಾಣುವಿನ ಪಯಣವನ್ನು ಸೊಳ್ಳೆಯ ಜೊಲ್ಲಿನ ಗ್ರಂಥಿಯವರೆಗೆ ತೋರಿಸಿಕೊಟ್ಟನು. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯನ ಮಲೇರಿಯಾದಲ್ಲಿಯೂ ಅನಾಫೆಲಿಸ್ ಸೊಳ್ಳೆಯ ಪಾತ್ರವನ್ನು ಸಾಧಿಸಿದರು. 1902ರಲ್ಲಿ ನೊಬೆಲ್ ಬಹುಮಾನ ರಾಸನೊಬ್ಬನಿಗೇ ಬಂದಿತು. ಗ್ರಾಸ್ಸಿಯೊಡನೆ ಆತನು ನಡೆಸಿದ ಕಹಿಯಾದ ಜಗಳ ಇಬ್ಬರ ಹೆಸರಿಗೂ ಶೋಭೆ ತರಲಿಲ್ಲ.

1899ರಲ್ಲಿ ಸೇವೆಯನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯದ ವೈದ್ಯಶಾಲೆಯಲ್ಲಿ ಅಧ್ಯಾಪಕನಾದ ಮೇಲೆ, ಬೆಂಗಳೂರಿನ ತೊಟ್ಟಿಯ ಪಾಠವನ್ನು ಆತನು ಲೋಕಕ್ಕೆ ಹೇಳಹೊರಟನು. ಆಫ್ರಿಕದ ಫ್ರೀಟೌನಿನಲ್ಲಿ ಆಳುಗಳನ್ನಿಟ್ಟು ಗುಂಡಿಗಳನ್ನು ಮುಚ್ಚಿಸಿದನು, ಡಬ್ಬಗಳ ನೀರನ್ನು ಚೆಲ್ಲಿಸಿದನು. ದಾನಿಯೊಬ್ಬನ ಹಣ ಮುಗಿದ ಮೇಲೆ ಅಂಥ ಕೆಲಸ ನಿಲ್ಲದೆ ಹೇಗಿದ್ದೀತು? ಆ ಊರಿನ ಬಿಳಿಯ ಅಧಿಕಾರಿಗಳು 1904ರ ಹೊತ್ತಿಗೆ ಬೆಟ್ಟದ ಮೇಲೆ ತಮಗೇ ಬೇರೆ ಬಡಾವಣೆ ಕಟ್ಟಿಕೊಂಡರು. ಕೆಳಗಿನವರು ಸೊಳ್ಳೆಗಳೊಡನೆ ಉಳಿದರು. ಸೂಯೆಜ್ ಕಾಲುವೆಯ ಪಕ್ಕದ ಇಸ್ಮಾಯಿಲಿಯಾದಲ್ಲಿ ಮಾತ್ರ ಕಾಲುವೆಯ ಕಂಪೆನಿ ಮನಸ್ಸಿಟ್ಟು ಹಣ ಸುರಿಯಿತು. 1902ರಲ್ಲಿ ಸುಮಾರು ಒಂದೂವರೆ ಸಾವಿರವಿದ್ದ ಜ್ವರಪೀಡಿತರು ಮರುವರ್ಷ ಇನ್ನೂರರ ಸಮೀಪಕ್ಕೆ ಇಳಿದರು. ಎರಡು ಊರುಗಳಲ್ಲಿಯೂ ವಿದ್ಯೆ ಒಂದೇ. ವ್ಯತ್ಯಾಸವಿದ್ದದ್ದು ಅದನ್ನು ನಡೆಸುವ ಸಂಕಲ್ಪದಲ್ಲಿ, ಅದಕ್ಕೆ ಬೇಕಾದ ಹಣದಲ್ಲಿ.

1907ರ ಕೊನೆಯಲ್ಲಿ ರಾಸನು ಮಾರಿಷಸ್ಸಿಗೆ ಹೋದನು. ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಕರಾರಿನ ಮೇಲೆ ಸಾಗಿಸಲ್ಪಟ್ಟ ನಮ್ಮ ದೇಶದ ಕೂಲಿಗಳು, ಅವರ ಮಕ್ಕಳು. 1860ರ ದಶಕದಲ್ಲಿ ದ್ವೀಪಕ್ಕೆ ಬಂದ ಮಲೇರಿಯಾ ಸಾವಿರಾರು ಜನರನ್ನು ತಿಂದಿತ್ತು. ರಾಸನು ಮಕ್ಕಳ ಹೊಟ್ಟೆ ಮುಟ್ಟಿ ನೋಡಿ ಜ್ವರಗಡ್ಡೆಗಳನ್ನು ಎಣಿಸುವ ಏರ್ಪಾಡು ಮಾಡಿದನು. ನಮ್ಮೂರ ತಾಯಂದಿರು ಭಯದಿಂದ ತಡವಿ ನೋಡುತ್ತಿದ್ದ ಗಡ್ಡೆಯೇ ಇಲ್ಲಿ ಅಳತೆಗೋಲಾಯಿತು. ಎಷ್ಟು ಮಕ್ಕಳಲ್ಲಿ ಎಷ್ಟಕ್ಕೆ ಗಡ್ಡೆಯಿದೆಯೆಂದು ತಿಳಿದರೆ ಯಾವ ತೋಟದ ಪಕ್ಕದ ಜೌಗು ಅಪಾಯದ್ದೆಂದು ಹೇಳಬಹುದು. ಎಲ್ಲಿ ಮೊದಲು ಹಣ ಹಾಕಬೇಕೆಂದು ತೀರ್ಮಾನಿಸಬಹುದು.

ಹಿಂದೆ ಕಲಿತ ಗಣಿತ ಈಗ ನೆರವಿಗೆ ಬಂದಿತು. ಸೊಳ್ಳೆಯನ್ನು ನಿರ್ವಂಶ ಮಾಡುವುದು ಆಗದ ಮಾತಾದ್ದರಿಂದ ಯತ್ನವೇ ವ್ಯರ್ಥವೆಂದು ಟೀಕಿಸುವವರಿದ್ದರು. ರಾಸನು 1908ರ ವರದಿಯಲ್ಲಿಯೂ 1911ರ ಗ್ರಂಥದಲ್ಲಿಯೂ ಸಮೀಕರಣಗಳ ಮೂಲಕ ಅವರಿಗೆ ಉತ್ತರ ಕೊಟ್ಟನು. ಒಬ್ಬ ರೋಗಿಯಿಂದ ಹೊಸ ರೋಗಿಗಳು ಎಷ್ಟು ಮಂದಿ ಹುಟ್ಟುತ್ತಾರೆಂಬುದು ಸೊಳ್ಳೆಗಳ ಸಂಖ್ಯೆಯನ್ನೂ, ಅವುಗಳಲ್ಲಿ ಮನುಷ್ಯನನ್ನು ಕಚ್ಚುವುವು ಎಷ್ಟು, ಜೀವಾಣು ಬೆಳೆಯುವವರೆಗೆ ಬದುಕುವುವು ಎಷ್ಟು ಎಂಬುದನ್ನೂ ಅವಲಂಬಿಸಿದೆ. ಗುಣವಾಗುವವರಿಗಿಂತ ಹೊಸ ರೋಗಿಗಳು ಕಡಮೆಯಾದರೆ ರೋಗ ತಾನಾಗಿ ಕ್ಷಯಿಸುತ್ತದೆ. ಆದುದರಿಂದ ಕೊನೆಯ ಸೊಳ್ಳೆಯವರೆಗೆ ಬೇಟೆಯಾಡಬೇಕಾಗಿಲ್ಲ. ಒಂದು ಗೆರೆಯ ಕೆಳಗೆ ಇಳಿಸಿದರೆ ಸಾಕು. ಆತನು ಹಿಡಿದ ಉದಾಹರಣೆಯ ಲೆಕ್ಕದಲ್ಲಿ ಆ ಗೆರೆ ಒಬ್ಬ ಮನುಷ್ಯನಿಗೆ ಸುಮಾರು 40 ಅನಾಫೆಲಿಸ್ ಸೊಳ್ಳೆ. ಈ ದಾರಿಯಲ್ಲಿಯೇ ಮುಂದೆ ಮೆಕೆಂಡ್ರಿಕ್, ಮ್ಯಾಕ್‌ಡೊನಾಲ್ಡ್ ಮೊದಲಾದವರು ನಡೆದರು. 2020ರಲ್ಲಿ ಕೊರೋನಾ ಬಂದಾಗ ಪತ್ರಿಕೆಗಳಲ್ಲಿ ನಾವೆಲ್ಲ ದಿನವೂ ಓದಿದ ಸೋಂಕಿನ ಲೆಕ್ಕಾಚಾರದ ಬೇರು ಇಲ್ಲಿದೆ.

ರಾಸನ ಕಣ್ಣಿಗೂ ಕಾಣದ ಮೂಲೆಗಳಿದ್ದುವು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ 1902ರಿಂದ ನಡೆದ ಸೊಳ್ಳೆ ನಿರ್ಮೂಲನದ ಪ್ರಯೋಗ ಫಲಿಸಲಿಲ್ಲವೆಂದು ಅಧಿಕಾರಿಗಳು ಕೈಬಿಟ್ಟಾಗ, ಅರೆಮನಸ್ಸಿನ ಕೆಲಸಕ್ಕೆ ಅರೆಫಲವೆಂದು ಆತನು ಕೆರಳಿದನು. ಆದರೆ ಅದೇ ಪ್ರಯೋಗದಲ್ಲಿದ್ದ ಕ್ರಿಸ್ಟೋಫರ್ಸ್ 1911ರಲ್ಲಿ ಪಂಜಾಬಿನ ಮಲೇರಿಯಾ ಕುರಿತ ವರದಿಯಲ್ಲಿ ಬೇರೊಂದು ಸತ್ಯವನ್ನು ಹೊರಗಿಟ್ಟನು: ಮಹಾಮಾರಿಯ ವರ್ಷಗಳು ಮಳೆ ಹೆಚ್ಚಿದ ವರ್ಷಗಳು, ಜೊತೆಗೆ ಧಾನ್ಯದ ಬೆಲೆ ಏರಿದ ವರ್ಷಗಳು. ಸೊಳ್ಳೆ ಎಲ್ಲರನ್ನೂ ಕಚ್ಚುತ್ತದೆ, ಹಸಿದವನು ಸಾಯುತ್ತಾನೆ. ರಾಸನ ಸಮೀಕರಣದಲ್ಲಿ ಸೊಳ್ಳೆಗೆ ಸ್ಥಾನವಿತ್ತು, ರಾಗಿಯ ಬೆಲೆಗೆ ಇರಲಿಲ್ಲ. ಇಬ್ಬರನ್ನೂ ಕೂಡಿಸಿ ಓದಿದವನಿಗೆ ಮಾತ್ರ ನಮ್ಮ ತಪ್ಪಲಿನ ಕಥೆ ಪೂರ್ತಿಯಾಗಿ ಅರ್ಥವಾದೀತು.

ಆ ಕಥೆಯನ್ನು ಮೈಸೂರು ಸಂಸ್ಥಾನದಲ್ಲಿ ಶಾಸ್ತ್ರೀಯವಾಗಿ ಬರೆಯತೊಡಗಿದ್ದು 1920ರ ದಶಕದ ಕೊನೆಯಲ್ಲಿ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಆರೋಗ್ಯ ಇಲಾಖೆ ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಮಲೇರಿಯಾ ಕೇಂದ್ರಗಳನ್ನು ತೆರೆಯಿತು. ಮಲೆನಾಡಿನ ತೊರೆಗಳಲ್ಲಿ ಒಂದು ಜಾತಿಯ ಅನಾಫೆಲಿಸ್, ಬಯಲಿನ ಕಾಲುವೆ, ಗದ್ದೆ, ಬಾವಿಗಳಲ್ಲಿ ಇನ್ನೊಂದು. ಬೆಟ್ಟವೂ ಗದ್ದೆಯೂ ಒಂದರ ಮಗ್ಗುಲಲ್ಲಿ ಒಂದಿರುವ ನಮ್ಮಂಥ ಸೀಮೆಯವರಿಗೆ ಎರಡರ ಭಯವೂ ಇದ್ದದ್ದು ಸಹಜವೇ.

ರಾಸನ ಕೊನೆಯ ವರ್ಷಗಳು ಸುಖದವಲ್ಲ. 1911ರಲ್ಲಿ ಸರ್ ಪದವಿ ಬಂದಿತು. 1923ರಲ್ಲಿ ಅಚ್ಚಾದ ಆತ್ಮಕಥೆಗೆ ಸಾಹಿತ್ಯದ ಬಹುಮಾನವೂ ಬಂದಿತು. ಹುಡುಗನ ಹಳೆಯ ಆಶೆ ಅಷ್ಟರಮಟ್ಟಿಗೆ ಈಡೇರಿತು. 1926ರಲ್ಲಿ ಲಂಡನ್ನಿನಲ್ಲಿ ಆತನ ಹೆಸರಿನ ಸಂಸ್ಥೆ ತೆರೆಯಿತು. ಆದರೆ ಹಣದ ಕೊರಗು ತೀರಲಿಲ್ಲ. ಸಿಡುಬಿನ ಚುಚ್ಚುಮದ್ದನ್ನು ಕೊಟ್ಟ ಜೆನ್ನರನಿಗೆ ಪಾರ್ಲಿಮೆಂಟು ಹಣ ಕೊಟ್ಟಂತೆ ತನಗೂ ಕೊಡಬೇಕೆಂದು ಬೇಡಿದನು; ದೊರೆಯಲಿಲ್ಲ. 1928ರಲ್ಲಿ ತನ್ನ ಕಾಗದಪತ್ರಗಳನ್ನೇ ಮಾರಿದನು. 1932ರ ಸೆಪ್ಟೆಂಬರ್ 16ರಂದು ತೀರಿಕೊಂಡನು. ತನಗೆ ನ್ಯಾಯ ದೊರೆಯಲಿಲ್ಲವೆಂದು ಆತನು ಜೀವನವಿಡೀ ಹಲುಬಿದನು. ಹತ್ತಾಣೆ ಪಡೆದ ಹುಸೇನ್ ಖಾನನ ಲೆಕ್ಕವನ್ನು ಕೇಳಿದವರು ಯಾರೂ ಇಲ್ಲ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ನಿಯಂತ್ರಣದ, 1958ರಲ್ಲಿ ನಿರ್ಮೂಲನದ ರಾಷ್ಟ್ರೀಯ ಯೋಜನೆಗಳು ಬಂದುವು. ಗೋಡೆಗಳಿಗೆ ಡಿಡಿಟಿ ಹೊಡೆದರು. 1961ರ ವೇಳೆಗೆ ರೋಗಿಗಳ ಎಣಿಕೆ ಐವತ್ತು ಸಾವಿರದ ಸುತ್ತಿಗೆ ಇಳಿಯಿತು. ಗೆದ್ದೆವೆಂದು ಕೈ ಸಡಿಲಿಸಿದೆವು. ಸೊಳ್ಳೆಯೂ ಔಷಧಕ್ಕೆ ಒಗ್ಗಿಕೊಂಡಿತು. 1976ರಲ್ಲಿ ಎಣಿಕೆ 64 ಲಕ್ಷ ದಾಟಿತು. ಅನಂತರದ ದಶಕಗಳ ಶ್ರಮದಿಂದ ಮತ್ತೆ ಬಹಳ ಇಳಿದಿದೆ. ರಾಸನ ಗೆರೆ ಒಮ್ಮೆ ದಾಟಿ ಮರೆತುಬಿಡುವ ಗೆರೆಯಲ್ಲ. ಅದರ ಕೆಳಗೆ ಇರಲು ವರ್ಷವರ್ಷವೂ ದುಡಿಯಬೇಕು.

ಬೆಂಗಳೂರಿನ ಬಂಗಲೆಯಲ್ಲಿ 1883ರಲ್ಲಿ ಮಗುಚಿದ ತೊಟ್ಟಿಯಂಥ ತೊಟ್ಟಿಗಳಲ್ಲಿಯೇ, ಹೂದಾನಿಗಳಲ್ಲಿಯೇ ಇಂದು ಡೆಂಗಿಯ ಸೊಳ್ಳೆ ಬೆಳೆಯುತ್ತಿದೆ. ನಲ್ಲಿಯ ನೀರು ದಿನವೂ ಬರುವ ಮನೆಯವರು ತೊಟ್ಟಿಯನ್ನು ಮಗುಚಬಲ್ಲರು. ವಾರಕ್ಕೊಮ್ಮೆ ನೀರು ಬರುವ ಕೇರಿಯವರು ಏನನ್ನು ಮಗುಚಬೇಕು? ತೊಟ್ಟಿಯೇ ಅವರ ಜೀವ. ಅವರಿಗೆ ಶುಚಿತ್ವದ ಉಪದೇಶ ಮಾಡುವ ಮೊದಲು ನೀರು ಕೊಡಬೇಕಾದವರು ಯಾರೆಂದು ಕೇಳಬೇಕಾಗುತ್ತದೆ. ಬೆಂಗಳೂರಿನ ಬೀದಿಗಳನ್ನು ಸುತ್ತಿ ಬಂದ ವೈದ್ಯನು 1896ರಲ್ಲಿ ರೋಗದ ಜೊತೆಗೆ ಇಲಾಖೆಯನ್ನೂ ಪರೀಕ್ಷೆಗೆ ಒಳಪಡಿಸಿದ್ದು ಈ ಕಾರಣದಿಂದಲೇ.